ರಾಜದಂತವೂ ದಂತಮುಖಗಳೂ

ಚಳ್ಳಕೆರೆ ತಾಲೂಕಿನ ನನ್ನಿವಾಳವು ಮ್ಯಾಸನಾಯಕರ ಕಟ್ಟೆಮನೆಯುಳ್ಳ ಊರು. ದನವೇ ಧನವೆಂದು ಬಾಳಿದ ಈ ಸೀಮೆಯಲ್ಲಿ, ದೇವರೆತ್ತುಗಳ ಹಿಂಡನ್ನು ಕಾಯುವ ಕಿಲಾರಿಗಳಿಗೂ ಜಾತ್ರೆಯಲ್ಲಿ ಹೋರಿಗೆ ಬೆಲೆ ಕಟ್ಟುವ ರೈತರಿಗೂ ಹಲ್ಲಿನ ಲೆಕ್ಕವು ಬಾಯಿಪಾಠವಾಗಿರುವುದು. ದನಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ; ಕೆಳಗಡೆ ಎಂಟುಂಟು. ಸುಮಾರು ಎರಡು ವರ್ಷಕ್ಕೆ ನಟ್ಟನಡುವಣ ಜೋಡಿ ಹಾಲುಹಲ್ಲುಗಳು ಬಿದ್ದು ದೊಡ್ಡ ಹಲ್ಲುಗಳು ಬಂದರೆ ಅದು ಎರಡು ಹಲ್ಲಿನ ಹೋರಿ. ಆಮೇಲೆ ನಾಲ್ಕು ಹಲ್ಲು, ಆರು ಹಲ್ಲು. ನಾಲ್ಕು ವರ್ಷ ಮೀರಿ ಎಂಟೂ ಬಂದಾಗ ಬಾಯಿಗೂಡಿತು ಎನ್ನುವರು. ಮಾರುವವನ ಮಾತಿಗಿಂತ ಹೋರಿಯ ಬಾಯಿಯೇ ಪ್ರಮಾಣ.

ಇದು ಕೇವಲ ಹಳ್ಳಿಗರ ಕೈವಾಡವೆಂದು ತಿಳಿಯತಕ್ಕದ್ದಲ್ಲ. ಭಗವಾನ್ ಪಾಣಿನಿಯು ಇದಕ್ಕಾಗಿಯೇ ಒಂದು ಸೂತ್ರವನ್ನು ಮಾಡಿರುವನು. ವಯಸ್ಸನ್ನು ಹೇಳಬೇಕಾದಾಗ ಸಂಖ್ಯೆಯ ಮುಂದಿನ ‘ದಂತ’ ಶಬ್ದವು ಬೇರೆ ರೂಪವನ್ನು ತಾಳುವುದು: ದ್ವಿದನ್, ಚತುರ್ದನ್, ಷೋಡನ್. ವಯಸ್ಸು ವಿವಕ್ಷಿತವಲ್ಲದ ಕಡೆ, ಎರಡು ದಂತಗಳ ಆನೆಯು ದ್ವಿದಂತವೇ ಹೊರತು ದ್ವಿದನ್ ಅಲ್ಲ. ಕಿಲಾರಿಯ ‘ಎರಡು ಹಲ್ಲಿನದು’ ಎಂಬ ಮಾತಿಗೂ ವೈಯಾಕರಣರ ‘ದ್ವಿದನ್’ ಎಂಬುದಕ್ಕೂ ಅರ್ಥದಲ್ಲಿ ಎಳ್ಳಷ್ಟೂ ಭೇದವಿಲ್ಲ.

ಮನುಷ್ಯನ ದಂತಗಳ ವಿಷಯದಲ್ಲಿ ಪ್ರಾಚೀನರು ಏನನ್ನು ಕಂಡಿದ್ದರೆಂಬುದು ವಿಚಾರಾರ್ಹವಾದುದು. ಚರಕನು ಶರೀರದ ಅಸ್ಥಿಗಳನ್ನು 360 ಎಂದು ಎಣಿಸಿ, ಅವುಗಳಲ್ಲಿ 32 ದಂತಗಳನ್ನೂ ಅವು ನೆಟ್ಟಿರುವ 32 ಒರಳುಗಳನ್ನೂ ಸೇರಿಸಿರುವನು. ಹಲ್ಲಿನ ಗೂಡಿಗೆ ಒರಳು ಎಂಬ ಹೆಸರು ಬಹು ಸಾರ್ಥಕವಾದುದು. ಸುಶ್ರುತನು ಅಸ್ಥಿಗಳನ್ನು ಐದು ಜಾತಿಯಾಗಿ ವಿಂಗಡಿಸಿ ದಂತಗಳಿಗೆ ರುಚಕವೆಂಬ ಪ್ರತ್ಯೇಕ ಜಾತಿಯನ್ನೇ ಕೊಟ್ಟನು. ಇವರಿಬ್ಬರಿಗಿಂತಲೂ ವಿವರವಾಗಿ ಹೇಳಿದುದು ಬಾಲಚಿಕಿತ್ಸೆಯ ಗ್ರಂಥವಾದ ಕಾಶ್ಯಪಸಂಹಿತೆ. ನೇಪಾಳದ ರಾಜಗುರು ಹೇಮರಾಜಶರ್ಮರಿಂದ 1938ರಲ್ಲಿ ಇದು ಮುದ್ರಣಗೊಂಡು ಬೆಳಕಿಗೆ ಬಂದಿತು. ಅದರ ದಂತಜನ್ಮದ ಅಧ್ಯಾಯದಲ್ಲಿ ಮೇಲಿನ ನಡುವಣ ಎರಡು ಹಲ್ಲುಗಳಿಗೆ ರಾಜದಂತವೆಂದು ಹೆಸರು, ಅವು ಪವಿತ್ರವಾದುವು, ಅವು ಮುರಿದವನು ಶ್ರಾದ್ಧಕ್ಕೆ ಅರ್ಹನಲ್ಲ. ಅವುಗಳ ಪಕ್ಕದವು ವಸ್ತ, ಅವುಗಳ ಪಕ್ಕದವು ದಂಷ್ಟ್ರ, ಉಳಿದವು ಸ್ವರೂಢ ಮತ್ತು ಹಾನವ್ಯ. ಹಲ್ಲು ಎಷ್ಟನೆಯ ತಿಂಗಳಲ್ಲಿ ಮೂಡುವುದೋ ಅಷ್ಟನೆಯ ವರ್ಷದಲ್ಲಿ ಬಿದ್ದು ಮತ್ತೆ ಹುಟ್ಟುವುದೆಂಬ ಅಲ್ಲಿಯ ಮಾತು, ಆರನೆಯ ತಿಂಗಳ ಸುಮಾರಿಗೆ ಮೂಡಿ ಆರನೆಯ ವರ್ಷದ ಸುಮಾರಿಗೆ ಬೀಳುವ ಕೆಳಗಿನ ನಡುಹಲ್ಲುಗಳಲ್ಲಿ ಈಗಲೂ ಪ್ರತ್ಯಕ್ಷ. ಒಂದೇ ಸಲ ಹುಟ್ಟುವ ಹಲ್ಲುಗಳು ಎಂಟು ಎಂಬ ಎಣಿಕೆ ಮಾತ್ರ ನಿಲ್ಲದು, ಅವು ಹನ್ನೆರಡು. ‘ದಂತಗಳ ರಾಜ’ ಎಂಬರ್ಥದಲ್ಲಿ ದಂತರಾಜವೆಂದಾಗಬೇಕಾದ ಶಬ್ದವು ರಾಜದಂತವೆಂದು ತಿರುಗಿ ನಿಂತುದಕ್ಕೂ ಪಾಣಿನಿಯು ಪ್ರತ್ಯೇಕವಾದ ಗಣವೊಂದನ್ನು ಮಾಡಿ, ಆ ಗಣಕ್ಕೆ ಈ ಹಲ್ಲಿನ ಹೆಸರನ್ನೇ ಇಟ್ಟನೆಂಬುದು ಸ್ವಾರಸ್ಯದ ಸಂಗತಿ.

ಕನ್ನಡಿಗರೂ ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು ಎಂದು ಆಕಾರದಿಂದಲೂ ಸ್ಥಾನದಿಂದಲೂ ಹೆಸರಿಟ್ಟರು. ಆದರೆ ಇವೆಲ್ಲವೂ ಇಡೀ ಹಲ್ಲಿನ ಹೆಸರುಗಳು. ಒಂದೊಂದು ಹಲ್ಲಿಗೂ ಐದು ಮುಖಗಳುಂಟೆಂದು ಎಣಿಸಿ, ಮುಖಮುಖಕ್ಕೂ ಹೆಸರಿಟ್ಟು ವರ್ಣಿಸುವ ಪದ್ಧತಿಯು ಈಚಿನದು. ಇಂಗ್ಲೆಂಡಿನ ಜಾನ್ ಹಂಟರನು 1771ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಲ್ಲುಗಳ ವರ್ಗಗಳು ನೆಲೆಗೊಂಡುವು, ಅಮೆರಿಕದ ಜಿ. ವಿ. ಬ್ಲ್ಯಾಕನು 1890ರಲ್ಲಿ ಪ್ರಕಟಿಸಿದ ಮಾನವದಂತಗಳ ವರ್ಣನೆಯಿಂದ ಮುಖಗಳ ಪರಿಭಾಷೆಯು ಪಾಠಶಾಲೆಗಳಲ್ಲಿ ಸ್ಥಿರವಾಯಿತು.

ಆ ಪರಿಭಾಷೆಯ ತಿರುಳನ್ನು ಕನ್ನಡದಲ್ಲಿ ಹೇಳುವುದು ಕಷ್ಟವಲ್ಲ. ಹಲ್ಲಿನ ಸಾಲು ಕುದುರೆಯ ಲಾಳದಂತೆ ಬಾಗಿರುವುದರಿಂದ ಹಿಂದೆ ಮುಂದೆ, ಎಡ ಬಲ ಎಂಬ ಮಾತುಗಳು ಅಲ್ಲಿ ಸಾಗವು; ಬಾಚಿಹಲ್ಲಿಗೆ ಪಕ್ಕವಾದುದು ದವಡೆಹಲ್ಲಿಗೆ ಮುಂದಾಗುವುದು. ಆದುದರಿಂದ ಎರಡು ರಾಜದಂತಗಳ ಸಂದಿಯನ್ನು ಮೂಲರೇಖೆಯನ್ನಾಗಿ ಹಿಡಿದು, ಸಾಲಿನ ಬಾಗನ್ನನುಸರಿಸಿ ಆ ರೇಖೆಯ ಕಡೆಗಿರುವ ಪಕ್ಕವನ್ನು ನಡುಮುಖವೆಂದೂ ಅದರಿಂದ ದೂರದ ಪಕ್ಕವನ್ನು ಕಡೆಮುಖವೆಂದೂ ಕರೆಯಬಹುದು. ತುಟಿಯನ್ನೋ ಕೆನ್ನೆಯನ್ನೋ ತಾಗುವುದು ಹೊರಮುಖ. ನಾಲಗೆಯ ಕಡೆಯದು ಒಳಮುಖ. ಐದನೆಯದು ಬಾಚಿಹಲ್ಲಿನಲ್ಲಿ ಕಡಿಯುವ ಅಂಚು, ದವಡೆಹಲ್ಲಿನಲ್ಲಿ ಅರೆಯುವ ಮುಖ. ಕಾಶ್ಯಪನು ರಾಜದಂತದಿಂದಲೇ ಎಣಿಕೆಯನ್ನು ತೊಡಗಿದನು. ಬ್ಲ್ಯಾಕನ ದಿಕ್ಕುಗಳೂ ಅಲ್ಲಿಂದಲೇ ಹೊರಡುವುವು.

ಅರೆಯುವ ಮುಖವು ಒಂದು ಪುಟ್ಟ ಬೆಟ್ಟಸೀಮೆಯಂತಿದೆ: ಮೊನೆಗಳು, ಅವುಗಳ ನಡುವೆ ಗೆರೆಗಳು, ಗೆರೆಗಳು ಕೂಡುವಲ್ಲಿ ಗುಳಿಗಳು, ಅಂಚಿನಲ್ಲಿ ದಿಣ್ಣೆಗಳು. ಕೆಳಗಿನ ಮೊದಲ ದೊಡ್ಡ ದವಡೆಹಲ್ಲಿಗೆ ಸಾಮಾನ್ಯವಾಗಿ ಐದು ಮೊನೆಗಳು, ಮೇಲಿನದಕ್ಕೆ ನಾಲ್ಕು. ಕೆಲವರಿಗೆ ಮೇಲಿನದರ ಒಳಮುಖದಲ್ಲಿ ನಡುಮುಖದ ಕಡೆಗೆ ಇನ್ನೊಂದು ಕಿರುಮೊನೆಯಿರುವುದು; ಅದನ್ನು ವರ್ಣಿಸಿದ ವಿಯೆನ್ನಾದ ಕರಾಬೆಲ್ಲಿಯ ಹೆಸರೇ ಅದಕ್ಕೆ ನಿಂತಿದೆ. ಹುಳುಕು ಹಿಡಿಯುವುದು ಬಹುಮಟ್ಟಿಗೆ ಈ ಗೆರೆಗುಳಿಗಳಲ್ಲಿ ಮತ್ತು ಹಲ್ಲಿಗೆ ಹಲ್ಲು ತಾಗುವ ಪಕ್ಕಗಳಲ್ಲಿ. ಸುಶ್ರುತನು ವಿಧಿಸಿದ ಹನ್ನೆರಡಂಗುಲದ ಹಲ್ಲುಕಡ್ಡಿಯಾಗಲಿ ಇಂದಿನ ಬ್ರಷ್ಷಾಗಲಿ ಹೊರಮುಖವನ್ನು ಬೆಳಗುವಷ್ಟು ಸುಲಭವಾಗಿ ಆ ಸಂದಿಗಳನ್ನು ಮುಟ್ಟಲಾರದು.

ಹೊರಮುಖದ ಮಾತು ಬಂದಾಗ ಈ ಸೀಮೆಯ ದೊಡ್ಡ ಸಂಕಟವೊಂದನ್ನು ಹೇಳದೆ ಬಿಡುವಂತಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಮತ್ತು ನೆರೆಯ ಪಾವಗಡ ತಾಲೂಕುಗಳಲ್ಲಿ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮೇರೆಯನ್ನು ಮೀರಿರುವುದು. ನೆಲದಡಿಯ ಬಂಡೆಯ ಖನಿಜಗಳಿಂದ ಅದು ನೀರಿಗಿಳಿಯುವುದು. ಆ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಗೆರೆಗಳೂ ಕಂದುಪಟ್ಟೆಗಳೂ ಕಾಣುವುವು. ಮೇಲಿನ ರಾಜದಂತಗಳ ಹೊರಮುಖದಲ್ಲಿ ಎಲ್ಲರ ಕಣ್ಣಿಗೂ ಬೀಳುವುವು. ಮುಖಗಳಿಗೆ ಹೆಸರಿಟ್ಟ ಬ್ಲ್ಯಾಕನೇ ತನ್ನ ಇಳಿವಯಸ್ಸಿನಲ್ಲಿ ಈ ಕಲೆಯ ಹಿಂದೆ ಬಿದ್ದುದು ಚರಿತ್ರೆಯ ಒಂದು ಯೋಗ. ಕೊಲೊರಾಡೋ ಸೀಮೆಯ ಜನರ ಹಲ್ಲಿನ ಕಲೆಯನ್ನು 1901ರಿಂದ ನೋಡುತ್ತಿದ್ದ ಮೆಕೇ ಎಂಬ ದಂತವೈದ್ಯನೊಡನೆ 1909ರಲ್ಲಿ ಅವನು ಸೇರಿದನು. 1915ರಲ್ಲಿ ಬ್ಲ್ಯಾಕನು ತೀರಿಹೋದನು. ಕಾರಣವು ನೀರಿನ ಫ್ಲೋರೈಡೆಂದು ಗೊತ್ತಾದುದು 1931ರಲ್ಲಿ. ಭಾರತದಲ್ಲಿ ಈ ರೋಗವನ್ನು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿದರು.

ಹಲ್ಲು ಸರಿಯಾಗಿ ಉಜ್ಜುವುದಿಲ್ಲವೆಂದು ಇಂಥ ಮಗುವನ್ನು ಗದರಿಸುವುದು ಶುದ್ಧ ಅನ್ಯಾಯ. ನಗಬೇಕಾದಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವ ಹುಡುಗಿಯರ ಪಾಡನ್ನು ನೆನೆದರೆ ಈ ಅನ್ಯಾಯವು ಎಷ್ಟು ದೊಡ್ಡದೆಂಬುದು ತಿಳಿಯುವುದು. ಎಲೆಯಡಿಕೆಯ ಕರೆ ಹೊರಗಿನಿಂದ ಹತ್ತಿದುದು, ಕೆರೆದರೆ ಹೋಗುವುದು. ಹುಳುಕು ಒಂದು ಹಲ್ಲಿನ ಒಂದು ಗುಳಿಯಲ್ಲಿ ತೊಡಗುವುದು. ಈ ಕಲೆಯಾದರೋ ಎಡಬಲದ ಜೋಡಿಹಲ್ಲುಗಳ ಮೇಲೆ ಸಮಸಮವಾಗಿ, ಅಡ್ಡಗೆರೆಗಳಾಗಿ ಇರುವುದು. ಹಲ್ಲು ವಸಡಿನೊಳಗೆ ಕಟ್ಟಿಕೊಳ್ಳುತ್ತಿರುವಾಗಲೇ ಅದರ ಮೇಲ್ಪದರವು ಕೆಟ್ಟಿರುವುದೇ ಇದಕ್ಕೆ ಕಾರಣ. ಹೊರಬಂದ ಮೇಲೆ ಆ ಸಡಿಲವಾದ ಪದರಕ್ಕೆ ಕಂದುಬಣ್ಣ ಏರುವುದು. ಏಳೆಂಟು ವರ್ಷಕ್ಕೆ ಕಾಣಿಸಿಕೊಳ್ಳುವ ಮೇಲಿನ ರಾಜದಂತದ ಹೊರತೋರುವ ಭಾಗವು ಮಗು ಹುಟ್ಟಿದ ಕೆಲವು ತಿಂಗಳಿಗೆ ಕಡಿಯುವ ಅಂಚಿನಿಂದ ತೊಡಗಿ, ನಾಲ್ಕೈದು ವರ್ಷದೊಳಗಾಗಿ ಕೊರಳಿನವರೆಗೂ ಕಟ್ಟಿ ಮುಗಿದಿರುತ್ತದೆ. ಆ ಪದರವನ್ನು ಕಟ್ಟುವ ಜೀವಕಣಗಳು ಕೆಲಸ ಮುಗಿಸಿ ಅಳಿದುಹೋಗುವುದರಿಂದ ಅದು ಮತ್ತೆ ಬೆಳೆಯಲಾರದು. ಶಾಲೆಗೆ ಸೇರಿದ ಮೇಲೆ ಮಗುವಿಗೆ ಒಳ್ಳೆಯ ನೀರು ದೊರೆತರೆ ಎಲುಬಿಗೆ ಹಿತವುಂಟು. ಆದರೆ ರಾಜದಂತಕ್ಕೆ ಬೇಕಾದ ನೀರು ತೊಟ್ಟಿಲ ಕಾಲದ್ದು, ಅಂಬೆಗಾಲಿನ ಕಾಲದ್ದು.