ತಂಡದ ಸಂಬಳ, ಕೇಳುಗರ ದನಿ

1948ರಲ್ಲಿ ಅಮೆರಿಕದ ಬೇಸ್‌ಬಾಲ್ ಲೋಕದಲ್ಲಿ ಒಂದು ವಿಚಿತ್ರ ವಿನಿಮಯ ನಡೆಯಿತು. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ತನ್ನ ಅಧೀನದಲ್ಲಿದ್ದ ಕಿರಿಯ ತಂಡವೊಂದರ ಆಟಗಾರ ಕ್ಲಿಫ್ ಡ್ಯಾಪರ್‌ನನ್ನು ಅಟ್ಲಾಂಟಾದ ತಂಡಕ್ಕೆ ಬಿಟ್ಟುಕೊಟ್ಟಿತು. ಬದಲಿಗೆ ಪಡೆದದ್ದು ಇನ್ನೊಬ್ಬ ಆಟಗಾರನನ್ನಲ್ಲ, ಅರ್ನಿ ಹಾರ್ವೆಲ್ ಎಂಬ ರೇಡಿಯೊ ವೀಕ್ಷಕ ವಿವರಣೆಗಾರರನ್ನು! ಡಾಡ್ಜರ್ಸ್‌ನ ಖಾಯಂ ವಿವರಣೆಗಾರ ರೆಡ್ ಬಾರ್ಬರ್ ಹೊಟ್ಟೆಹುಣ್ಣಿನಿಂದ ಮಲಗಿದ್ದರು. ಮೈಕಿನ ಮುಂದೆ ಕೂರಲು ತುರ್ತಾಗಿ ಒಬ್ಬರು ಬೇಕಾಗಿತ್ತು. ಆಟಗಾರನನ್ನು ಕೊಟ್ಟು ಮಾತುಗಾರನನ್ನು ಪಡೆದ ಇಂಥ ಇನ್ನೊಂದು ಉದಾಹರಣೆ ಆ ಆಟದ ಚರಿತ್ರೆಯಲ್ಲಿ ಸಿಗುವುದಿಲ್ಲ.

ಟ್ರಾನ್ಸಿಸ್ಟರ್‌ಗೆ ಕಿವಿಯಾನಿಸಿ ಕ್ರಿಕೆಟ್ ಕೇಳಿದ ನಮ್ಮ ತಲೆಮಾರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿಯಲ್ಲ. ನಮಗೆ ವೀಕ್ಷಕ ವಿವರಣೆಗಾರರೆಂದರೆ ಆಕಾಶವಾಣಿಯವರು. ಅವರು ಕರ್ನಾಟಕ ತಂಡದವರೂ ಅಲ್ಲ, ಮುಂಬೈ ತಂಡದವರೂ ಅಲ್ಲ. ಅಮೆರಿಕದ ಬೇಸ್‌ಬಾಲಿನಲ್ಲಿ ಹಾಗಿಲ್ಲ. ಅಲ್ಲಿ ತಂಡಗಳು ಖಾಸಗಿ ಉದ್ಯಮಗಳು. ಆಟಗಾರ, ತರಬೇತುದಾರರಂತೆಯೇ ಪ್ರತಿ ತಂಡಕ್ಕೂ ತನ್ನದೇ ವಿವರಣೆಗಾರರು. ಅವರ ಸಂಬಳ ಬರುವುದು ತಂಡದ ಮಾಲೀಕರಿಂದ, ಇಲ್ಲವೇ ಜಾಹೀರಾತುದಾರರಿಂದ. ಒಂದು ಋತುವಿಗೆ ಆಗ 154 ಪಂದ್ಯ, ಈಗ 162. ವಸಂತದಿಂದ ಶರತ್ಕಾಲದವರೆಗೆ ಹೆಚ್ಚುಕಡಿಮೆ ದಿನಾ ಅದೇ ದನಿ ಮನೆಯ ಅಂಗಳದಲ್ಲಿ, ಕಾರಿನಲ್ಲಿ, ಕ್ಷೌರದಂಗಡಿಯಲ್ಲಿ ಮೊಳಗುತ್ತದೆ. ಆಟಗಾರರು ಬಂದು ಹೋಗುತ್ತಾರೆ, ದನಿ ಉಳಿಯುತ್ತದೆ.

ಹಾಗಾದರೆ ಆ ದನಿ ಯಾರದು? ಸಂಬಳ ಕೊಡುವ ಮಾಲೀಕನದೋ, ನಂಬಿ ಕೇಳುವ ಜನರದೋ? ಡಾಡ್ಜರ್ಸ್ ತಂಡದ ಮೈಕಿನ ಮುಂದೆ ಕೂತ ಮೂವರ ಕಥೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ಬೇಸ್‌ಬಾಲ್ ಮೊದಲು ರೇಡಿಯೊದಲ್ಲಿ ಕೇಳಿಬಂದದ್ದು 1921ರ ಆಗಸ್ಟ್ 5ರಂದು, ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರದಿಂದ. ಜನ ಹಿಗ್ಗಿದರು, ಹಲವು ಮಾಲೀಕರು ಹೆದರಿದರು. ಪುಕ್ಕಟೆ ಕೇಳಲು ಸಿಗುವುದನ್ನು ಟಿಕೆಟ್ ಕೊಂಡು ನೋಡಲು ಯಾರು ಬಂದಾರು ಎಂಬುದು ಅವರ ಲೆಕ್ಕಾಚಾರ. ನ್ಯೂಯಾರ್ಕಿನ ಮೂರೂ ತಂಡಗಳಾದ ಯಾಂಕೀಸ್, ಜೈಂಟ್ಸ್ ಮತ್ತು ಡಾಡ್ಜರ್ಸ್ ಒಂದಾಗಿ 1934ರಿಂದ ಐದು ವರ್ಷ ರೇಡಿಯೊ ಪ್ರಸಾರವನ್ನೇ ನಿಷೇಧಿಸಿದವು. ಈ ಒಪ್ಪಂದವನ್ನು ಮುಂದುವರಿಸಲು ಒಪ್ಪದಿದ್ದವರು ಡಾಡ್ಜರ್ಸ್‌ನ ಆಡಳಿತ ವಹಿಸಿಕೊಂಡ ಲ್ಯಾರಿ ಮ್ಯಾಕ್‌ಫೇಲ್. ಸಾಲದಲ್ಲಿ ಮುಳುಗಿದ್ದ ತಂಡಕ್ಕೆ ರೇಡಿಯೊ ಜನರನ್ನು ತಂದುಕೊಡುತ್ತದೆಂಬ ನಂಬಿಕೆ ಅವರಿಗಿತ್ತು. 1939ರಲ್ಲಿ ಅವರು ಸಿನ್ಸಿನಾಟಿಯಿಂದ ರೆಡ್ ಬಾರ್ಬರ್‌ರನ್ನು ಕರೆತಂದರು. ಉಳಿದೆರಡು ತಂಡಗಳೂ ಬೇರೆ ದಾರಿಯಿಲ್ಲದೆ ಹಿಂಬಾಲಿಸಿದವು.

ಬಾರ್ಬರ್ ದಕ್ಷಿಣದ ಮಿಸಿಸಿಪ್ಪಿಯಲ್ಲಿ ಹುಟ್ಟಿದವರು. ಬ್ರೂಕ್ಲಿನ್ನಿನ ಗದ್ದಲದ ಬೀದಿಗಳಿಗೆ ಅವರ ಎಳೆದಾಡುವ, ತಣ್ಣನೆಯ ಮಾತು ಪೂರಾ ಹೊಸದು. ಹಳ್ಳಿಗಾಡಿನ ನುಡಿಗಟ್ಟುಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಮೈದಾನದಲ್ಲಿ ಜಗಳವೆದ್ದರೆ ಅದನ್ನು ರೂಬಾರ್ಬ್ ಎಂಬ ತರಕಾರಿಯ ಹೆಸರಿನಿಂದ ಕರೆಯುತ್ತಿದ್ದರು. ಮೇಜಿನ ಮೇಲೆ ಮೊಟ್ಟೆ ಬೇಯಿಸುವಾಗ ಬಳಸುವ ಮೂರು ನಿಮಿಷದ ಮರಳು ಗಡಿಯಾರ. ಮರಳು ಇಳಿದೊಡನೆ ಸ್ಕೋರು ಹೇಳಿ ಗಡಿಯಾರವನ್ನು ಮಗುಚಿಡುತ್ತಿದ್ದರು. ತಡವಾಗಿ ರೇಡಿಯೊ ಹಾಕಿದವರಿಗೆ ಸ್ಕೋರು ತಿಳಿಯದೆ ಪರದಾಡುವಂತಾಗಬಾರದು ಎಂಬ ಕಾಳಜಿ. ಬೇಸಿಗೆಯಲ್ಲಿ ಬ್ರೂಕ್ಲಿನ್ನಿನ ಬೀದಿಯುದ್ದ ನಡೆದುಹೋದರೆ ಕಿಟಕಿ ಕಿಟಕಿಯಿಂದ ಬರುವ ಬಾರ್ಬರ್ ದನಿಯಲ್ಲೇ ಇಡೀ ಪಂದ್ಯ ಕೇಳಬಹುದಿತ್ತು ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ.

ಆ ಕಾಲದಲ್ಲಿ ಪರಊರಿನ ಪಂದ್ಯಗಳಿಗೆ ವಿವರಣೆಗಾರರನ್ನು ಕಳಿಸುತ್ತಿರಲಿಲ್ಲ. ಮೈದಾನದಿಂದ ತಂತಿಯಲ್ಲಿ ಬರುವ ಚುಟುಕು ಸಂಕೇತಗಳನ್ನು ನೋಡಿಕೊಂಡು ಸ್ಟುಡಿಯೊದಲ್ಲೇ ಕೂತು ಪಂದ್ಯವನ್ನು ಕಣ್ಣಿಗೆ ಕಟ್ಟಿಸಬೇಕು. ಹಲವರು ಜನರ ಕೂಗಾಟದ ಧ್ವನಿಮುದ್ರಿಕೆ ಹಾಕಿ, ಮರದ ತುಂಡು ಬಡಿದು, ತಾವು ಮೈದಾನದಲ್ಲೇ ಇದ್ದೇವೆಂಬ ಭ್ರಮೆ ಹುಟ್ಟಿಸುತ್ತಿದ್ದರು. ಅಯೋವಾ ರಾಜ್ಯದಲ್ಲಿ ಈ ಕೆಲಸ ಮಾಡುತ್ತಿದ್ದ ತರುಣನೊಬ್ಬ, ಒಮ್ಮೆ ತಂತಿ ಕೆಟ್ಟು ಸುದ್ದಿ ನಿಂತಾಗ, ಬ್ಯಾಟುಗಾರ ಚೆಂಡನ್ನು ಗೆರೆಯಾಚೆಗೆ ಹೊಡೆಯುತ್ತಲೇ ಇದ್ದಾನೆಂದು ನಿಮಿಷಗಟ್ಟಲೆ ಕಥೆ ಕಟ್ಟಿದ್ದನ್ನು ಮುಂದೆ ತಾನೇ ಹೇಳಿಕೊಂಡು ನಗುತ್ತಿದ್ದ. ಅವನ ಹೆಸರು ರೊನಾಲ್ಡ್ ರೇಗನ್! ಬಾರ್ಬರ್‌ಗೆ ಈ ನಾಟಕ ಹಿಡಿಸಲಿಲ್ಲ. ಅವರು ಮೈಕನ್ನು ತಂತಿಯಂತ್ರದ ಹತ್ತಿರವೇ ಇಡುತ್ತಿದ್ದರು. ಟಕಟಕ ಸದ್ದು ಕೇಳಿದವರಿಗೆ ಇದು ಸ್ಟುಡಿಯೊ ಪ್ರಸಾರವೆಂದು ಗೊತ್ತಾಗಲಿ ಎಂದು. ತಾನು ವರದಿಗಾರ, ಅಭಿಮಾನಿಯಲ್ಲ ಎಂಬುದು ಅವರ ನಿಲುವು.

ಟಿವಿಯಲ್ಲಿ ಪ್ರಸಾರವಾದ ಮೊದಲ ಪ್ರಮುಖ ಲೀಗ್ ಪಂದ್ಯಕ್ಕೂ ಅವರದೇ ದನಿ. 1939ರ ಆಗಸ್ಟ್ 26ರಂದು ಬ್ರೂಕ್ಲಿನ್ನಿನ ಎಬೆಟ್ಸ್ ಫೀಲ್ಡ್‌ನಲ್ಲಿದ್ದದ್ದು ಎರಡೇ ಕ್ಯಾಮೆರಾ. ಯಾವುದರ ಚಿತ್ರ ಪರದೆಯ ಮೇಲಿದೆಯೆಂದು ತಿಳಿಯಲು ಬಾರ್ಬರ್ ಎದುರು ಟಿವಿ ಇರಲಿಲ್ಲ, ಊಹಿಸಿಯೇ ಮಾತಾಡಿದರು. ಜಾಹೀರಾತೂ ಅವರದೇ. ಬಟ್ಟಲಿಗೆ ಗೋಧಿ ಅವಲು ಸುರಿದು, ಬಾಳೆಹಣ್ಣು ಹೆಚ್ಚಿ ಹಾಕಿ, ಹಾಲು ಹೊಯ್ದು ತೋರಿಸಿದರು.

ಆದರೆ ವರದಿಗಾರನೆಂಬ ಮಾತಿಗೆ ನಿಜವಾದ ಪರೀಕ್ಷೆ ಒದಗಿದ್ದು 1945ರಲ್ಲಿ. ಆಗಿನವರೆಗೆ ಪ್ರಮುಖ ಲೀಗ್‌ಗಳು ಬಿಳಿಯರದಷ್ಟೇ ಆಗಿದ್ದವು. ಕಾಯಿದೆಯಲ್ಲಿ ಬರೆಯದಿದ್ದರೂ ಕರಿಯ ಆಟಗಾರರಿಗೆ ಬಾಗಿಲು ಮುಚ್ಚಿ ಆರು ದಶಕಗಳೇ ಆಗಿದ್ದವು. ಡಾಡ್ಜರ್ಸ್‌ನ ಹೊಸ ಮುಖ್ಯಸ್ಥ ಬ್ರಾಂಚ್ ರಿಕಿ ಬ್ರೂಕ್ಲಿನ್ನಿನ ಹೋಟೆಲೊಂದರಲ್ಲಿ ಬಾರ್ಬರ್‌ರನ್ನು ಕೂರಿಸಿಕೊಂಡು, ಕರಿಯ ಆಟಗಾರನೊಬ್ಬನನ್ನು ತರುವ ಗುಟ್ಟನ್ನು ತಿಳಿಸಿದರು. ವರ್ಣಭೇದ ಸಹಜವೆಂದೇ ನಂಬಿ ಬೆಳೆದ ದಕ್ಷಿಣದವರು ಬಾರ್ಬರ್. ಮನೆಗೆ ಬಂದು ಹೆಂಡತಿಗೆ ಕೆಲಸ ಬಿಡುವೆನೆಂದರು. ಈ ರಾತ್ರಿಯೇ ತೀರ್ಮಾನಿಸಬೇಕೇ ಎಂದು ಆಕೆ ಸಮಾಧಾನ ಹೇಳಿದರು. ಮುಂದಿನ ದಿನಗಳಲ್ಲಿ ಬಾರ್ಬರ್ ತಮ್ಮನ್ನೇ ಕೇಳಿಕೊಂಡರು: ಬಿಳಿಯನಾಗಿ ಹುಟ್ಟಲು ತಾನೇನಾದರೂ ಪಟ್ಟ ಶ್ರಮವಿದೆಯೇ? 1935ರ ವಿಶ್ವ ಸರಣಿಗೆ ಮುನ್ನ ಲೀಗಿನ ಕಮಿಷನರ್ ಲ್ಯಾಂಡಿಸ್ ವಿವರಣೆಗಾರರಿಗೆ ಕೊಟ್ಟಿದ್ದ ತಾಕೀತೂ ನೆನಪಾಯಿತು. ಕಂಡದ್ದನ್ನು ಹೇಳಿ, ಅಷ್ಟೇ ನಿಮ್ಮ ಕೆಲಸ ಎಂಬರ್ಥದ್ದು ಅದು.

1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಮೈದಾನಕ್ಕಿಳಿದಾಗ ಬಾರ್ಬರ್ ಮೈಕಿನ ಮುಂದಿದ್ದರು. ರಾಬಿನ್ಸನ್ ಎಲ್ಲರಂತೆ ಒಬ್ಬ ಆಟಗಾರ. ಹೊಡೆದರೆ ಹೊಡೆದನೆಂದು, ಔಟಾದರೆ ಔಟಾದನೆಂದು ಹೇಳುವುದು, ಅಷ್ಟನ್ನೇ ತಾನು ಮಾಡಿದ್ದೆಂದು ಅವರು ಮುಂದೆ ಬರೆದರು. ಇದು ಸಣ್ಣ ಮಾತಲ್ಲ. ಎದುರಾಳಿ ತಂಡಗಳು ಬೈಗುಳದ ಮಳೆಗರೆಯುತ್ತಿದ್ದ ಆ ವರ್ಷ, ದಕ್ಷಿಣದ ಉಚ್ಚಾರಣೆಯ ಆ ದನಿ ದಿನವೂ ರಾಬಿನ್ಸನ್ ಹೆಸರನ್ನು ಉಳಿದ ಎಂಟು ಹೆಸರುಗಳ ಜೊತೆ ಸಹಜವಾಗಿ ಹೇಳುತ್ತಿದ್ದುದು ಲಕ್ಷಾಂತರ ಮನೆಗಳಿಗೆ ಒಂದು ಬಗೆಯ ಪಾಠವೇ ಆಗಿರಬೇಕು. ರಾಬಿನ್ಸನ್‌ಗೆ ತಾನು ಮಾಡಿದ್ದಕ್ಕಿಂತ ಆತ ತನಗೆ ಮಾಡಿದ ಉಪಕಾರ ದೊಡ್ಡದೆಂದು ಬಾರ್ಬರ್ ಕೊನೆಯವರೆಗೂ ಹೇಳುತ್ತಿದ್ದರು.

1950ರಲ್ಲಿ ಹಾರ್ವೆಲ್ ಜೈಂಟ್ಸ್ ತಂಡಕ್ಕೆ ಹೋದಾಗ ಬಾರ್ಬರ್ ಆರಿಸಿಕೊಂಡದ್ದು ವಿನ್ ಸ್ಕಲಿ ಎಂಬ ಇಪ್ಪತ್ತೆರಡರ ಹುಡುಗನನ್ನು. ಹಿಂದಿನ ವರ್ಷ ಬಾಸ್ಟನ್ನಿನಲ್ಲಿ ಫುಟ್‌ಬಾಲ್ ಪಂದ್ಯವೊಂದನ್ನು ಆತ ಕ್ರೀಡಾಂಗಣದ ಛಾವಣಿಯ ಮೇಲೆ ಕೊರೆಯುವ ಚಳಿಯಲ್ಲಿ, ಕೋಟಿಲ್ಲದೆ ನಿಂತು ವಿವರಿಸಿದ್ದ. ಆ ಬಗ್ಗೆ ಪ್ರಸಾರದಲ್ಲಿ ತುಟಿಪಿಟಕ್ಕೆನ್ನಲಿಲ್ಲ. ಬಾರ್ಬರ್‌ಗೆ ಅದು ಮೆಚ್ಚುಗೆಯಾಯಿತು. ಮೇಷ್ಟ್ರ ಪಾಠ ಕಠಿಣ. ಪಂದ್ಯಕ್ಕೆ ಮುನ್ನ ಬಿಯರ್ ಹಿಡಿದದ್ದಕ್ಕೆ ಬೈಗುಳ. ಬೇರೆ ವಿವರಣೆಗಾರರನ್ನು ಕೇಳಬೇಡ, ನಿನ್ನ ದನಿ ನೀರಾಗುತ್ತದೆ ಎಂಬ ಎಚ್ಚರಿಕೆ. ಡಾಡ್ಜರ್ಸ್ ಕುರಿತು ‘ನಾವು’ ಎನ್ನದಿರುವ ಅಭ್ಯಾಸವನ್ನು ಸ್ಕಲಿ 67 ಋತುಗಳ ಕಾಲ ಬಿಡಲಿಲ್ಲ.

ಬಾರ್ಬರ್ ಮಾತ್ರ ಸಂಭಾವನೆಯ ವಿವಾದದ ನಂತರ 1953ರಲ್ಲಿ ಡಾಡ್ಜರ್ಸ್ ತೊರೆದು ಯಾಂಕೀಸ್ ಸೇರಿದರು. ಅಲ್ಲಿ ಅವರ ನಿಲುವು ದುಬಾರಿಯಾಯಿತು. 1966ರಲ್ಲಿ ಯಾಂಕೀಸ್ ಲೀಗಿನ ಕಟ್ಟಕಡೆಯ ಸ್ಥಾನದಲ್ಲಿತ್ತು. ಸೆಪ್ಟೆಂಬರ್ 22ರಂದು ಅವರ ಭಾರೀ ಕ್ರೀಡಾಂಗಣಕ್ಕೆ ಬಂದವರು 413 ಮಂದಿ. ಖಾಲಿ ಆಸನಗಳನ್ನು ತೋರಿಸಿ ಎಂದು ಬಾರ್ಬರ್ ಕ್ಯಾಮೆರಾದವರನ್ನು ಕೇಳಿದರು. ತೋರಿಸಲಿಲ್ಲ. ಇವತ್ತಿನ ಸುದ್ದಿ ಆಟವಲ್ಲ, ಈ ಜನಸಂಖ್ಯೆ ಎಂದು ಬಾರ್ಬರ್ ಬಾಯಲ್ಲೇ ಹೇಳಿಬಿಟ್ಟರು. ಕೆಲವೇ ದಿನಗಳಲ್ಲಿ, ಗುತ್ತಿಗೆ ನವೀಕರಿಸುವುದಿಲ್ಲವೆಂದು ಅವರಿಗೆ ತಿಳಿಸಲಾಯಿತು.

ಅಷ್ಟರಲ್ಲಿ ಡಾಡ್ಜರ್ಸ್ ಬ್ರೂಕ್ಲಿನ್ ಬಿಟ್ಟು ಎಂಟು ವರ್ಷಗಳಾಗಿದ್ದವು. ಮಾಲೀಕ ವಾಲ್ಟರ್ ಓಮ್ಯಾಲಿ 1958ರಲ್ಲಿ ತಂಡವನ್ನು ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸ್‌ಗೆ ಕೊಂಡೊಯ್ದರು. ಸ್ವಂತ ಕ್ರೀಡಾಂಗಣ ಆಗುವವರೆಗೆ ಒಲಿಂಪಿಕ್ಸ್ ನಡೆದಿದ್ದ ಕೊಲಿಸಿಯಂನಲ್ಲಿ ಆಟ. ಮೊದಲ ದಿನವೇ 78,672 ಜನ. ಹಿಂದೆ ಕೂತವರಿಗೆ ಆಟಗಾರರು ಇರುವೆಗಳಂತೆ ಕಾಣುತ್ತಿದ್ದರು. ಆಗಷ್ಟೇ ಅಗ್ಗವಾಗುತ್ತಿದ್ದ ಟ್ರಾನ್ಸಿಸ್ಟರನ್ನು ಜನ ಜೇಬಿನಲ್ಲಿ ತಂದರು. ಕಣ್ಣೆದುರಿನ ಆಟವನ್ನೇ ಸ್ಕಲಿಯ ಮಾತಿನಲ್ಲಿ ಕೇಳುತ್ತ ನೋಡಿದರು! ಬೇಸ್‌ಬಾಲ್‌ನ ಪ್ರಮುಖ ಲೀಗನ್ನು ಹಿಂದೆಂದೂ ಕಾಣದ ಊರಿಗೆ ಸ್ಕಲಿಯೇ ಆಟದ ಅಕ್ಷರಾಭ್ಯಾಸ ಮಾಡಿಸಿದರೆನ್ನಬೇಕು. 1960ರಲ್ಲಿ ಒಮ್ಮೆ ಅಂಪೈರ್ ಒಬ್ಬರ ಹುಟ್ಟುಹಬ್ಬವೆಂದು ಅವರು ರೇಡಿಯೊದಲ್ಲಿ ಸೂಚಿಸಿದ್ದೇ ತಡ, ಕ್ರೀಡಾಂಗಣದ ಜನ ಒಕ್ಕೊರಲಿನಿಂದ ಶುಭಾಶಯ ಕೂಗಿದರು. ಅಂಪೈರ್ ಕಕ್ಕಾಬಿಕ್ಕಿ.

ಸ್ಕಲಿಯ ಹೆಚ್ಚುಗಾರಿಕೆ ಇದ್ದದ್ದು ಮಾತಿನಷ್ಟೇ ಮೌನದಲ್ಲಿ. ಬಾಲ್ಯದಲ್ಲಿ ಅವರು ಮನೆಯ ದೊಡ್ಡ ರೇಡಿಯೊದ ಕೆಳಗೆ ದಿಂಬಿಟ್ಟು ಮಲಗಿ, ಜನರ ಹೋ ಎಂಬ ಸದ್ದು ಮೈಮೇಲೆ ಸುರಿಯುವುದನ್ನು ಸವಿಯುತ್ತಿದ್ದರಂತೆ. ಅದೇ ಸದ್ದನ್ನು ಕೇಳುಗರಿಗೂ ಕೊಟ್ಟರು. 1965ರ ಸೆಪ್ಟೆಂಬರ್ 9ರಂದು ಚೆಂಡೆಸೆಗಾರ ಸ್ಯಾಂಡಿ ಕೋಫ್ಯಾಕ್ಸ್ ಎದುರಾಳಿಯ 27 ಮಂದಿಯಲ್ಲಿ ಒಬ್ಬನೂ ಮೊದಲ ಬೇಸ್ ಮುಟ್ಟದಂತೆ ತಡೆದ ರಾತ್ರಿ, ಸ್ಕಲಿ ಆಗಾಗ ಗಂಟೆ ನಿಮಿಷಗಳನ್ನೂ ಹೇಳುತ್ತ ಹೋದರು. ಆಟಗಾರನ ಬಳಿ ಉಳಿಯುವ ಧ್ವನಿಮುದ್ರಿಕೆಗೆ ಅದು ದಾಖಲೆಯಾಗಲಿ ಎಂದು. ಕೊನೆಯವನು ಔಟಾದೊಡನೆ ಅರ್ಧ ನಿಮಿಷಕ್ಕೂ ಮೀರಿ ಸುಮ್ಮನಾದರು. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ, ಡಾಡ್ಜರ್ಸ್ ಎಸೆದ ಚೆಂಡನ್ನೇ ಹೊಡೆದು ಹ್ಯಾಂಕ್ ಆರನ್ 715ನೇ ಹೋಮ್ ರನ್ ಗಳಿಸಿದರು. ಬೇಬ್ ರೂತ್‌ರ ದಾಖಲೆ ಮುರಿಯಹೊರಟ ತಪ್ಪಿಗೆ ಆ ಕರಿಯ ಆಟಗಾರನಿಗೆ ಕೊಲೆ ಬೆದರಿಕೆಯ ಪತ್ರಗಳು ಬಂದಿದ್ದವು. ಸ್ಕಲಿ ಮೈಕ್ ಬಿಟ್ಟೆದ್ದು ಕೋಣೆಯ ಹಿಂಬದಿಗೆ ಹೋಗಿ ನಿಂತರು. ಜನರ ಗದ್ದಲ ತಣಿದ ಮೇಲೆ ಬಂದು, ದಕ್ಷಿಣದ ನೆಲದಲ್ಲಿ ಕರಿಯನೊಬ್ಬನಿಗೆ ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಿರುವುದರ ಅರ್ಥವನ್ನು ನಾಲ್ಕೇ ಮಾತಿನಲ್ಲಿ ಹೇಳಿದರು. ಪೆಟ್ಟು ತಿಂದದ್ದು ತಮ್ಮ ತಂಡ ಎಂಬುದರ ಸುಳಿವೂ ಆ ಮಾತಿನಲ್ಲಿರಲಿಲ್ಲ.

ಇದೇ ಊರಿನಲ್ಲಿ ಡಾಡ್ಜರ್ಸ್‌ನ ಇನ್ನೊಂದು ದನಿಯೂ ಇತ್ತು. ಈಕ್ವೆಡಾರ್ ದೇಶದಿಂದ 1955ರಲ್ಲಿ ಬಂದ ಹೈಮೆ ಹಾರಿನ್ ಅಲ್ಲಿಯವರೆಗೆ ಬೇಸ್‌ಬಾಲನ್ನೇ ಕಂಡವರಲ್ಲ. ತಂಡ ಬಂದ ವರ್ಷವೇ ಸ್ಪ್ಯಾನಿಷ್ ಪ್ರಸಾರ ಶುರುವಾದಾಗ ಅವರು ರೇಡಿಯೊ ಕೇಂದ್ರದ ಮಾಲೀಕರಲ್ಲಿ ಆಟ ಕಲಿಯಲು ಒಂದು ವರ್ಷದ ಕಾಲಾವಕಾಶ ಕೇಳಿ, 1959ರಲ್ಲಿ ಮೈಕ್ ಹಿಡಿದರು. ಮೊದಮೊದಲು ಪರಊರಿನ ಪಂದ್ಯವಿದ್ದಾಗ ಸ್ಟುಡಿಯೊದಲ್ಲಿ ಕೂತು, ಕಿವಿಯಲ್ಲಿ ಸ್ಕಲಿಯ ಇಂಗ್ಲಿಷ್ ಕೇಳುತ್ತ ಬಾಯಲ್ಲಿ ಸ್ಪ್ಯಾನಿಷ್ ಹೇಳುತ್ತಿದ್ದರು. ಅದೇ 1959ರ ಮೇ ತಿಂಗಳಲ್ಲಿ ಚಾವೆಜ್ ರವೀನ್ ಎಂಬಲ್ಲಿ ಉಳಿದಿದ್ದ ಕಡೆಯ ಮೆಕ್ಸಿಕನ್ ಕುಟುಂಬಗಳನ್ನು ಪೊಲೀಸರು ಎಳೆದು ಹೊರಹಾಕಿದರು. ಬಡವರಿಗೆ ಮನೆ ಕಟ್ಟುವೆವೆಂದು ನಗರಾಡಳಿತ ಖಾಲಿ ಮಾಡಿಸಿದ ಜಾಗ ಕೊನೆಗೆ ಡಾಡ್ಜರ್ಸ್ ಪಾಲಾಗಿತ್ತು. 1962ರಲ್ಲಿ ಕ್ರೀಡಾಂಗಣ ತೆರೆದಾಗ ಎಷ್ಟೋ ಮೆಕ್ಸಿಕನ್ ಮನೆಗಳವರು ಅದರೊಳಗೆ ಕಾಲಿಡಲಿಲ್ಲ. ಹಾರಿನ್ ದಿನವೂ ಮಾತಾಡಬೇಕಾಗಿದ್ದದ್ದು ಇಂಥ ಜನರೊಡನೆ.

ಈ ಮುನಿಸು ಕರಗತೊಡಗಿದ್ದು 1981ರಲ್ಲಿ. ಮೆಕ್ಸಿಕೊದ ಸೊನೋರಾ ರಾಜ್ಯದ ಸಣ್ಣ ಹಳ್ಳಿಯಿಂದ ಬಂದ ಇಪ್ಪತ್ತರ ಹರೆಯದ ಚೆಂಡೆಸೆಗಾರ ಫರ್ನಾಂಡೊ ವಲೆನ್ಸುವೇಲಾ ಋತುವಿನ ತನ್ನ ಮೊದಲ ಎಂಟೂ ಪಂದ್ಯ ಗೆದ್ದ. ಅವನಿಗೆ ಇಂಗ್ಲಿಷ್ ಬಾರದು. ಪತ್ರಕರ್ತರೆದುರು ಅವನ ಪಕ್ಕ ದುಭಾಷಿಯಾಗಿ ಕೂತವರು ಹಾರಿನ್. ಆ ಜೂನ್‌ನಲ್ಲಿ ಶ್ವೇತಭವನದ ಔತಣಕ್ಕೂ ಇಬ್ಬರೂ ಹೋದರು. ಎದುರಿಗಿದ್ದ ಅಧ್ಯಕ್ಷರು ಹಳೆಯ ವಿವರಣೆಗಾರ ರೇಗನ್! ನಿವೃತ್ತಿಯ ನಂತರ ವಲೆನ್ಸುವೇಲಾ 2003ರಿಂದ ಹಾರಿನ್ ಜೊತೆಯಲ್ಲೇ ಸ್ಪ್ಯಾನಿಷ್ ಪ್ರಸಾರಕ್ಕೆ ಕೂತರು. ಹಾರಿನ್ 64 ಋತು ಮುಗಿಸಿ 2022ರಲ್ಲಿ ಮೈಕ್ ಕೆಳಗಿಟ್ಟರು. ವಲೆನ್ಸುವೇಲಾ 2024ರಲ್ಲಿ ತೀರಿಕೊಂಡರು.

ಸ್ಕಲಿಯ ಕಡೆಯ ವರ್ಷಗಳಲ್ಲಿ 1934ರ ಲೆಕ್ಕಾಚಾರವೇ ವೇಷ ಬದಲಿಸಿ ಬಂತು. 800 ಕೋಟಿ ಡಾಲರಿಗೂ ಮೀರಿದ ಒಪ್ಪಂದದಂತೆ 2014ರಿಂದ ಡಾಡ್ಜರ್ಸ್ ಪಂದ್ಯಗಳೆಲ್ಲ ಒಂದು ಕೇಬಲ್ ವಾಹಿನಿಯ ಪಾಲಾದವು. ದರ ಹೆಚ್ಚೆಂದು ಬೇರೆ ಕೇಬಲ್, ಉಪಗ್ರಹ ಕಂಪನಿಗಳು ಅದನ್ನು ಕೊಳ್ಳಲಿಲ್ಲ. ಲಾಸ್ ಏಂಜಲೀಸ್‌ನ ಬಹುಪಾಲು ಮನೆಗಳಲ್ಲಿ ಟಿವಿ ಇತ್ತು, ಸ್ಕಲಿ ಇರಲಿಲ್ಲ. ಪಂದ್ಯದ ಮೊದಲ ಮೂರು ಇನಿಂಗ್ಸ್ ಮಾತ್ರ ಅವರ ದನಿ ರೇಡಿಯೊದಲ್ಲೂ ಬರುತ್ತಿತ್ತು. ಜನ ಮತ್ತೆ ಅದಕ್ಕೇ ಕಿವಿಯಾನಿಸಿದರು. 2016ರಲ್ಲಿ, 88ರ ಸ್ಕಲಿ ನಿವೃತ್ತರಾಗುವ ಹೊತ್ತಿಗೆ, ಅವರ ಕೊನೆಯ ಆರು ಪಂದ್ಯಗಳನ್ನು ಮಾತ್ರ ಉಚಿತ ವಾಹಿನಿಯಲ್ಲಿ ತೋರಿಸಲು ಒಪ್ಪಲಾಯಿತು.

ಕೊನೆಯ ಪಂದ್ಯಕ್ಕೆ ಅವರು ಆರಿಸಿಕೊಂಡದ್ದು ಅಕ್ಟೋಬರ್ 2, ಸ್ಯಾನ್ ಫ್ರಾನ್ಸಿಸ್ಕೊ. ಕಾರಣವಿತ್ತು. 1936ರ ಅದೇ ದಿನ, ಎಂಟು ವರ್ಷದ ಸ್ಕಲಿ ನ್ಯೂಯಾರ್ಕಿನ ಲಾಂಡ್ರಿಯೊಂದರ ಕಿಟಕಿಯಲ್ಲಿ ಅಂಟಿಸಿದ್ದ ವಿಶ್ವ ಸರಣಿಯ ಸ್ಕೋರು ನೋಡಿದ್ದ: ಯಾಂಕೀಸ್ 18, ಜೈಂಟ್ಸ್ 4. ಅಯ್ಯೋ ಪಾಪ ಎನ್ನಿಸಿ ಅಂದಿನಿಂದ ಜೈಂಟ್ಸ್ ಅಭಿಮಾನಿಯಾಗಿದ್ದ. ಆ ಜೈಂಟ್ಸ್ ತಂಡವೂ 1958ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ನೆಲೆಸಿ, ಡಾಡ್ಜರ್ಸ್‌ನ ಬದ್ಧ ವೈರಿಯಾಗಿ ಉಳಿದಿದೆ. ಸರಿಯಾಗಿ 80 ವರ್ಷಗಳ ಬಳಿಕ ಆ ತಂಡದೆದುರಿನ ಪಂದ್ಯವನ್ನು ಸ್ಕಲಿ ಎಂದಿನಂತೆ ಒಬ್ಬರೇ ಕೂತು ವಿವರಿಸಿದರು. ಗೆದ್ದದ್ದು ಜೈಂಟ್ಸ್, 7–1ರಿಂದ.