ಬಿದ್ದ ಶಿಖರ, ಉಳಿದ ಚಿತ್ರ: ಪ್ರೈಮ್ ಮತ್ತು ಜೂಮ್ ಲೆನ್ಸ್‌ಗಳ ಕತೆ

ಹಳೇಬೀಡಿಗೆ ಹೋದವರಲ್ಲಿ ಬಹಳಷ್ಟು ಮಂದಿ ಹೊಯ್ಸಳೇಶ್ವರ ದೇವಾಲಯ ನೋಡಿ ಬಸ್ಸು ಹತ್ತುತ್ತಾರೆ. ಅನತಿ ದೂರದ ಕೇದಾರೇಶ್ವರ ಗುಡಿಯವರೆಗೆ ಹೋಗುವವರು ಕಡಿಮೆ. ಹೋದವರಿಗೂ ಅಲ್ಲಿ ಶಿಖರ ಕಾಣುವುದಿಲ್ಲ. 19ನೇ ಶತಮಾನದಲ್ಲಿ ಶಿಖರದ ಕಲ್ಲುಗಳ ನಡುವೆ ಬೇರು ಬಿಟ್ಟ ಮರವೊಂದು ಅದನ್ನು ಸಡಿಲಿಸಿತು. ಕಡೆಗೆ ಶಿಖರ ಉಳಿಯಲಿಲ್ಲ.

ಆದರೂ ಅದು ಹೇಗಿತ್ತೆಂಬುದು ಇಂದು ತಿಳಿದಿದೆ. ಜೇಮ್ಸ್ ಫರ್ಗ್ಯುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಈ ಗುಡಿಯ ಚಿತ್ರವಿದೆ. ಅದನ್ನು ಛಾಯಾಚಿತ್ರವೊಂದನ್ನು ನೋಡಿ ಅಚ್ಚಿಗೆ ಸಿದ್ಧಪಡಿಸಲಾಗಿತ್ತು. ಅಂದರೆ, ಕಲ್ಲಿನಲ್ಲಿ ಕಳೆದುಹೋದದ್ದು ಕ್ಯಾಮೆರಾದ ಗಾಜಿನಿಂದ ಉಳಿಯಿತು.

ಹಾಸನ ಸೀಮೆಗೆ ಕ್ಯಾಮೆರಾ ಬಹು ಬೇಗ ಬಂತು. ಕ್ಯಾಪ್ಟನ್ ಓಕ್ಲಿ 1856ರಲ್ಲೇ ಹಳೇಬೀಡಿನ ಚಿತ್ರಗಳನ್ನು ತೆಗೆದು, 1859ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರತಂದ. ಡಾ. ಪಿಗೌ, ನೀಲ್ ಮತ್ತು ಕರ್ನಲ್ ಬಿಗ್ಸ್ ತೆಗೆದ ಧಾರವಾಡ ಹಾಗೂ ಮೈಸೂರು ಪ್ರಾಂತ್ಯದ ದೇವಾಲಯಗಳ ಚಿತ್ರಗಳು 1866ರಲ್ಲಿ ಗ್ರಂಥರೂಪ ಪಡೆದವು. ಇವರೆಲ್ಲ ಬಳಸಿದ್ದು ಇಂದು ‘ಪ್ರೈಮ್’ ಎಂದು ಕರೆಯುವ ಬಗೆಯ ಲೆನ್ಸ್. ಅದರ ಸಂಗಮ ದೂರ ಬದಲಾಗುವುದಿಲ್ಲ. ಗುಡಿ ಚಿಕ್ಕದಾಗಿ ಕಂಡರೆ ಭಾರದ ಕ್ಯಾಮೆರಾ ಹೊತ್ತು ಮುಂದೆ ನಡೆಯಬೇಕು. ಚೌಕಟ್ಟಿನಲ್ಲಿ ಹಿಡಿಸದಿದ್ದರೆ ಹಿಂದೆ ಸರಿಯಬೇಕು.

ಈ ನಡಿಗೆಯನ್ನು ತಪ್ಪಿಸಲು ಬಂದದ್ದು ಜೂಮ್. ಅದರಲ್ಲಿ ಗಾಜುಗಳ ಕೆಲವು ಗುಂಪುಗಳು ಹಿಂದೆ ಮುಂದೆ ಜರುಗಿ ಸಂಗಮ ದೂರವನ್ನು ಬದಲಿಸುತ್ತವೆ. ನಿಂತಲ್ಲಿಂದಲೇ ದೃಶ್ಯ ಹತ್ತಿರವಾಗುತ್ತದೆ, ದೂರವಾಗುತ್ತದೆ. ಮೊದಲು ಇದರ ಅಗತ್ಯ ಕಂಡದ್ದು ಸಿನಿಮಾದವರಿಗೆ. ಇಂಗ್ಲೆಂಡಿನಲ್ಲಿ ತಯಾರಾದ ‘ಕುಕ್ ವರೋ’ 1932ರಲ್ಲಿ ಅವರ ಕೈಸೇರಿತು. ಸ್ಥಿರಚಿತ್ರದ 35 ಮಿ.ಮೀ. ಕ್ಯಾಮೆರಾಗಳಿಗೆ ಜೂಮ್ ದೊರೆತದ್ದು 1959ರಲ್ಲಿ. ಅದು ಫೋಕ್ಟ್‌ಲೆಂಡರ್ ಕಂಪೆನಿಯ ‘ಜೂಮರ್’.

ಈ ಅನುಕೂಲಕ್ಕೆ ಬೆಲೆ ತೆರಬೇಕಾಯಿತು. ಜರ್ಮನಿಯ ಜೈಸ್ ಕಂಪೆನಿ 1902ರಲ್ಲಿ ತಂದ ಪ್ರಸಿದ್ಧ ಪ್ರೈಮ್ ಲೆನ್ಸ್ ‘ಟೆಸ್ಸಾರ್’ನಲ್ಲಿದ್ದದ್ದು ನಾಲ್ಕೇ ಗಾಜು. ಜೂಮರ್‌ನಲ್ಲಿ 14. ಲೇಪನವಿಲ್ಲದ ಗಾಜು ಗಾಳಿಯನ್ನು ಸಂಧಿಸುವ ಪ್ರತಿ ಮೈಯಲ್ಲೂ ಸುಮಾರು ಶೇ 4ರಷ್ಟು ಬೆಳಕು ಹಿಂದಕ್ಕೆ ಹೋಗುತ್ತದೆ. ಟೆಸ್ಸಾರ್‌ನಲ್ಲಿ ಅಂಥ ಮೈಗಳು 6, ಜೂಮರ್‌ನಲ್ಲಿ 22. ಲೆಕ್ಕ ಹಾಕಿದರೆ, ಲೇಪನವಿಲ್ಲದೆ ಮೊದಲನೆಯದರಲ್ಲಿ ಶೇ 22ರಷ್ಟು ಬೆಳಕು ನಷ್ಟವಾದರೆ, ಎರಡನೆಯದರಲ್ಲಿ ಅರ್ಧಕ್ಕಿಂತಲೂ ಹೆಚ್ಚು. ಅದರಲ್ಲಿ ಒಂದಷ್ಟು ಬೆಳಕು ಒಳಗೇ ಅಲೆದಾಡಿ ಚಿತ್ರವನ್ನು ಮಂಕಾಗಿಸುತ್ತದೆ. ಜೈಸ್‌ನ ಅಲೆಗ್ಸಾಂಡರ್ ಸ್ಮಕುಲ 1935ರಲ್ಲಿ ಕಂಡುಹಿಡಿದ ತೆಳು ಲೇಪನ ಈ ನಷ್ಟವನ್ನು ತಗ್ಗಿಸದಿದ್ದರೆ ಜೂಮ್ ಲೆನ್ಸ್ ಬಳಕೆಗೆ ಬರುವುದೇ ಕಷ್ಟವಿತ್ತು.

ಇನ್ನೊಂದು ತೊಡಕು ಗೆರೆಗಳದು. ಹೊಯ್ಸಳ ಗುಡಿಯ ಬುಡದಲ್ಲಿ ಆನೆಗಳ ಸಾಲು ಗೋಡೆಯುದ್ದಕ್ಕೂ ನೇರವಾಗಿ ಸಾಗುತ್ತದೆ. ಸಾಧಾರಣ ಜೂಮ್‌ನಲ್ಲಿ ಅಗಲ ದೃಶ್ಯ ಹಿಡಿದಾಗ ಅಂಚಿನ ಈ ಸಾಲು ಪೀಪಾಯಿಯ ಮೈಯಂತೆ ಹೊರಕ್ಕೆ ಉಬ್ಬುತ್ತದೆ; ದೂರದಿಂದ ಹತ್ತಿರಕ್ಕೆ ಎಳೆದಾಗ ಒಳಕ್ಕೆ ಬಾಗುತ್ತದೆ. ಪ್ರೈಮ್ ಲೆನ್ಸ್ ರೂಪಿಸುವವನು ಒಂದೇ ಸಂಗಮ ದೂರದಲ್ಲಿ ಈ ದೋಷ ತಿದ್ದಿದರೆ ಸಾಕು. ಜೂಮ್ ರೂಪಿಸುವವನು ಎಲ್ಲ ದೂರಗಳಲ್ಲೂ ತಿದ್ದಬೇಕು. ಒಂದು ಕಡೆ ಸರಿಪಡಿಸಿದರೆ ಇನ್ನೊಂದು ಕಡೆ ಕೆಡುತ್ತದೆ.

ಗರ್ಭಗುಡಿಯ ಕತ್ತಲೆಯಲ್ಲಿ ಅಂತರ ಇನ್ನೂ ಸ್ಪಷ್ಟ. ಎಫ್ 1.8 ತೆರೆಯುವ 50 ಮಿ.ಮೀ. ಪ್ರೈಮ್ ಲೆನ್ಸ್, ಎಫ್ 3.5ರ ಜೂಮ್‌ಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು ಒಳಬಿಡುತ್ತದೆ. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಅನುಮತಿ ಬೇಕು. ಕೈಯಲ್ಲೇ ಹಿಡಿದು ತೆಗೆಯುವವರಿಗೆ ಆ ನಾಲ್ಕು ಪಟ್ಟು ದೊಡ್ಡ ಆಸರೆ.

ಹಾಗೆಂದು ಜೂಮ್ ಕೀಳಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಷಷ್ಠಿಯ ತೇರು ಹೊರಟಾಗ ಜನಜಂಗುಳಿಯಲ್ಲಿ ಹೆಜ್ಜೆ ಎತ್ತಿಡಲೂ ಜಾಗವಿರುವುದಿಲ್ಲ. ಶ್ರವಣಬೆಳಗೊಳದಲ್ಲಿ 2018ರಲ್ಲಿ ಮಹಾಮಸ್ತಕಾಭಿಷೇಕ ನಡೆದಾಗಲೂ ಅಷ್ಟೇ. ಗೊಮ್ಮಟನ ಪೂರ್ಣಾಕೃತಿಯೂ ಬೇಕು, ಶಿರದ ಮೇಲೆ ಸುರಿಯುವ ಹಾಲಿನ ಧಾರೆಯೂ ಬೇಕು, ಎರಡೂ ನಿಂತ ಜಾಗದಿಂದಲೇ ಬೇಕು. ಅಲ್ಲಿ ಲೆನ್ಸ್ ಬದಲಿಸುತ್ತ ಕುಳಿತರೆ ಗಳಿಗೆ ಕಳೆದುಹೋಗುತ್ತದೆ. ಸಿಕ್ಕದ ಚಿತ್ರ ಎಷ್ಟು ಸ್ಫುಟವಾಗಿದ್ದೀತು?

ಕಂಪ್ಯೂಟರ್ ಬಂದ ಮೇಲೆ ಲೆನ್ಸ್ ರಚನೆಯ ಲೆಕ್ಕಾಚಾರ ಸುಲಭವಾಯಿತು; ಡಿಜಿಟಲ್ ಕ್ಯಾಮೆರಾಗಳು ಬಾಗಿದ ಗೆರೆಯನ್ನು ತಾವೇ ನೆಟ್ಟಗೆ ಮಾಡುತ್ತವೆ. ಹಗಲ ಬೆಳಕಿನಲ್ಲಿ ಎಫ್ 8ಕ್ಕೆ ಇಟ್ಟು ತೆಗೆದರೆ ಒಳ್ಳೆಯ ಜೂಮ್‌ನ ಚಿತ್ರ ಯಾವುದು, ಪ್ರೈಮ್‌ನದು ಯಾವುದು ಎಂದು ಹೇಳುವುದು ಇಂದು ಕಷ್ಟ. ವ್ಯತ್ಯಾಸ ಉಳಿದಿರುವುದು ಹೆಚ್ಚಾಗಿ ಕತ್ತಲೆಯಲ್ಲಿ, ಬೆಲೆಯಲ್ಲಿ, ತೂಕದಲ್ಲಿ.

ಆದರೆ ದಾಖಲೆಯ ಕೆಲಸಕ್ಕೆ ಆ ವ್ಯತ್ಯಾಸ ಸಣ್ಣದಲ್ಲ. ಹಾಸನದ ಸಮೀಪದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದ ಬಗ್ಗೆ ಆರ್. ನರಸಿಂಹಾಚಾರ್ಯರು ಚಿತ್ರಸಹಿತ ಪುಸ್ತಕ ತಂದದ್ದು 1919ರಲ್ಲಿ. ನೂರೊಂದು ವರ್ಷಗಳ ಬಳಿಕ, 2020ರ ನವೆಂಬರ್‌ನಲ್ಲಿ, ಅದೇ ದೇವಾಲಯದ ಕಾಳಿಯ ಮೂರ್ತಿ ಒಡೆದು ಚೂರಾಗಿ ಬಿದ್ದಿರುವುದು ಕಂಡುಬಂತು. ಹೀಗೆ ಕಲ್ಲು ಒಡೆದ ದಿನ ಅದು ಮೊದಲು ಹೇಗಿತ್ತೆಂದು ಹೇಳಬೇಕಾದದ್ದು ಹಿಂದೆ ಯಾರೋ ಕತ್ತಲಲ್ಲಿ ನಿಂತು ತೆಗೆದ ಚಿತ್ರ. ಕೇದಾರೇಶ್ವರನ ಶಿಖರಕ್ಕೆ ಅಂಥ ಒಂದು ಚಿತ್ರವಾದರೂ ಒದಗಿತ್ತು.