ಶಿರಾಜ್ ದ್ರಾಕ್ಷಿಯ ಘಮವೂ ಸೋಂದೆಯ ಮೆಣಸೂ

ಶಿರಸಿ ಸೀಮೆಯವನೊಬ್ಬ ವೈನ್ ಬಗ್ಗೆ ಬರೆಯುತ್ತಿದ್ದಾನೆ ಅಂದರೆ ನೀವೆಲ್ಲ ಹುಬ್ಬೇರಿಸುತ್ತೀರಿ, ಗೊತ್ತು :) ನಮ್ಮ ಕಡೆ ಕೆಂಪು ಪಾನಕ ಅಂದರೆ ಮುರುಗಲು ಹಣ್ಣಿನದ್ದು. ದ್ರಾಕ್ಷಿ ಅಂದರೆ ಬಯಲುಸೀಮೆಯಿಂದ ಪೇಟೆಗೆ ಬರುವ ಹಣ್ಣು, ಅಷ್ಟೇ. ಆದರೂ ಈ ಬರಹ ಒಂದು ವೈನ್ ದ್ರಾಕ್ಷಿಯ ಬಗ್ಗೆಯೇ. ಅದರ ಹೆಸರು ಶಿರಾಜ್. ಫ್ರಾನ್ಸಿನವರು ಸಿರಾ ಅನ್ನುತ್ತಾರೆ. ಶಿರಸಿಗೂ ಶಿರಾಜಿಗೂ ಹೆಸರಿನಲ್ಲಿರುವ ಹೋಲಿಕೆ ಬರೀ ಕಾಕತಾಳೀಯ. ಪರಿಮಳದಲ್ಲಿ ಮಾತ್ರ ಒಂದು ಗಟ್ಟಿ ನಂಟಿದೆ. ಅದನ್ನು ಹೇಳಲಿಕ್ಕೇ ಇಷ್ಟು ಪೀಠಿಕೆ.

ಇರಾನಿನಲ್ಲಿ ಶಿರಾಜ್ ಅಂತ ಊರಿದೆಯಲ್ಲ, ಈ ದ್ರಾಕ್ಷಿ ಅಲ್ಲಿಂದಲೇ ಯುರೋಪಿಗೆ ಹೋಗಿದ್ದು ಅಂತ ಬಹಳ ಕಾಲ ಕತೆಯಿತ್ತು. 1998ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರಲ್ ಮೆರೆಡಿತ್ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಸೇರಿ ಡಿಎನ್‌ಎ ಪರೀಕ್ಷೆ ಮಾಡಿ ಆ ಕತೆಗೆ ಮಂಗಳ ಹಾಡಿದರು. ಶಿರಾಜಿನ ಅಪ್ಪ ಅಮ್ಮ ಇಬ್ಬರೂ ಆಗ್ನೇಯ ಫ್ರಾನ್ಸಿನ ಹಳೆಯ ತಳಿಗಳು. ಒಂದರ ಹೆಸರು ದ್ಯುರೇಜಾ, ಇನ್ನೊಂದರದು ಮೊಂದ್ಯೂಸ್ ಬ್ಲಾಂಶ್. ಜೇಮ್ಸ್ ಬಸ್ಬಿ ಎಂಬಾತ 1831ರಲ್ಲಿ ಸ್ಪೇನ್, ಫ್ರಾನ್ಸ್ ಸುತ್ತಿ ನೂರಾರು ಬಗೆಯ ದ್ರಾಕ್ಷಿ ಕಡ್ಡಿಗಳನ್ನು ಆಸ್ಟ್ರೇಲಿಯಾಕ್ಕೆ ಕಳಿಸಿದ. ಅದರಲ್ಲಿ ಇದೂ ಇತ್ತು. ಈಗ ಆ ದೇಶದ ಕೆಂಪು ವೈನಿಗೆ ಇದೇ ಯಜಮಾನ. ನಮ್ಮ ರಾಜ್ಯದಲ್ಲೂ ದೊಡ್ಡಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ಆಸುಪಾಸಿನಲ್ಲಿ ಶಿರಾಜ್ ಬೆಳೆಯುತ್ತಾರೆ.

ಈ ದ್ರಾಕ್ಷಿಯ ಗುಣ ಏನು? ಬಣ್ಣ ಕಡುಗಪ್ಪು. ಬಾಯಿಗೆ ತುಸು ಒಗರು. ಕಪ್ಪು ಹಣ್ಣುಗಳ ಸಿಹಿ. ಎಲ್ಲಕ್ಕಿಂತ ಮುಖ್ಯ, ಮೂಗಿಗೆ ಹಿಡಿದರೆ ಆಗಷ್ಟೇ ಕುಟ್ಟಿದ ಕಾಳುಮೆಣಸಿನ ವಾಸನೆ! ವೈನ್ ಬಲ್ಲವರು ಇದನ್ನು ಬಹಳ ಹಿಂದಿನಿಂದ ಹೇಳುತ್ತಲೇ ಬಂದಿದ್ದರು. ಬಿಸಿಲೂರಿನ ಶಿರಾಜಿನಲ್ಲಿ ಈ ವಾಸನೆ ಕಡಿಮೆ, ತಂಪು ಊರಿನದರಲ್ಲಿ ಜಾಸ್ತಿ. ಇದು ಬರೀ ಕವಿಸಮಯ ಅಂದುಕೊಂಡವರೂ ಇದ್ದರು.

2008ರಲ್ಲಿ ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯವರು ಆ ವಾಸನೆಯ ಮೂಲವನ್ನೇ ಹಿಡಿದರು. ರೋಟಂಡೋನ್ ಅಂತ ಒಂದು ರಾಸಾಯನಿಕ. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೋಗ್ರಾಂ ಇದ್ದರೆ ಸಾಕು, ಮೂಗಿಗೆ ಗೊತ್ತಾಗುತ್ತದೆ. ಅಂದರೆ ಒಂದು ಗ್ರಾಮನ್ನು ನೂರು ಕೋಟಿ ಚೂರು ಮಾಡಿ ಅದರಲ್ಲಿ 16 ಚೂರು! ತಮಾಷೆ ಅಂದರೆ ಪರೀಕ್ಷೆಗೆ ಕೂತವರಲ್ಲಿ ಸುಮಾರು ನೂರಕ್ಕೆ ಇಪ್ಪತ್ತು ಜನರಿಗೆ ಎಷ್ಟು ಹಾಕಿದರೂ ಈ ವಾಸನೆ ಬರಲೇ ಇಲ್ಲ. ಇದೇ ರೋಟಂಡೋನ್ ಕಾಳುಮೆಣಸಿನಲ್ಲಿ ಧಾರಾಳವಾಗಿದೆ. ಮೆಣಸಿನ ಖಾರಕ್ಕೆ ಕಾರಣ ಪೈಪರಿನ್, ಅದು ಬೇರೆ. ಘಮಕ್ಕೆ ಮುಖ್ಯ ಕಾರಣ ಇದು. ಇದಕ್ಕೆ ಹೆಸರು ಕೊಟ್ಟಿದ್ದು ಸೈಪರಸ್ ರೊಟಂಡಸ್, ಅಂದರೆ ನಮ್ಮ ಮನೆಮದ್ದಿನ ಭದ್ರಮುಷ್ಟಿ ಗಡ್ಡೆ. ಮೊದಲು ಸಿಕ್ಕಿದ್ದು ಅದರಲ್ಲೇ. ಜ್ವರ ಬಂದಾಗ ಕಷಾಯ ಕುಡಿದು ಬೆಳೆದ ನಮ್ಮಂಥವರಿಗೆ ಶಿರಾಜಿನ ಘಮ ಪರಿಚಯದ್ದೇ ಅಂದಾಯಿತು :)

ಹಾಗಾದರೆ ಶಿರಸಿಯಲ್ಲೇ ಶಿರಾಜ್ ಬೆಳೆಯಬಹುದಲ್ಲ ಅಂತ ಕೇಳಬೇಡಿ. ನಮ್ಮ ಮಳೆಗಾಲದಲ್ಲಿ ದ್ರಾಕ್ಷಿ ಬಳ್ಳಿಗೆ ಬೂಜು ಹಿಡಿದು ಕೊಳೆತು ಹೋಗುತ್ತದೆ. ಮೆಣಸಿನ ಬಳ್ಳಿಗೆ ಅದೇ ಮಳೆ ಬೇಕು. ಜೂನ್ ಜುಲೈನಲ್ಲಿ ಹನಿ ಬಿದ್ದ ಮೇಲೇ ಅದು ತೆನೆ ಬಿಟ್ಟು ಹೂವಾಗುವುದು. ಎರಡೂ ಬಳ್ಳಿಗಳೇ. ಒಂದನ್ನು ಕೊಲ್ಲುವ ಮಳೆ ಇನ್ನೊಂದನ್ನು ಸಾಕುತ್ತದೆ.

ಈ ಎರಡು ಬಳ್ಳಿಗಳು ಬೆಳೆಯುವ ಸೀಮೆಗಳು ದೂರದೂರ. ಆದರೆ ಮನುಷ್ಯರು ಇವನ್ನು ಬಹಳ ಹಿಂದೆಯೇ ಕೂಡಿಸಿದ್ದರು. ರೋಮನರು ವೈನಿಗೆ ಜೇನು, ಕಾಳುಮೆಣಸು ಹಾಕಿ ಕಾಯಿಸಿ ಕುಡಿಯುತ್ತಿದ್ದರು. ಅಪೀಸಿಯಸ್ ಹೆಸರಿನ ಅಡುಗೆ ಪುಸ್ತಕದಲ್ಲಿ ಆ ವಿಧಾನವಿದೆ. ಆ ಕಾಲದಲ್ಲಿ ಮೆಣಸು ಒಯ್ಯಲು ಪಶ್ಚಿಮ ಕರಾವಳಿಗೆ ಬರುತ್ತಿದ್ದ ಹಡಗುಗಳು ವೈನ್ ಹೊತ್ತು ತರುತ್ತಿದ್ದವು.

ನಮ್ಮ ಘಟ್ಟದ ಮೆಣಸಿನ ಹೆಸರು ಜೋರಾಗಿ ಕೇಳುವುದು 16ನೇ ಶತಮಾನದಿಂದ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ಅವಳ ನಂತರ ಘಟ್ಟದ ಮೇಲಿನ ಮೆಣಸಿಗೆ ಒಡೆಯರಾದವರು ಸೋಂದೆಯ ನಾಯಕರು, ಸಿದ್ದಾಪುರದ ಕಡೆ ಬಿಳಗಿಯ ಅರಸರು. ಶಿರಸಿ ಕಡೆಯಿಂದ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅರಬೈಲು ಘಟ್ಟ, ಸಿದ್ದಾಪುರದಿಂದ ದೊಡ್ಮನೆ ಘಟ್ಟ. ಇವತ್ತು ಬಸ್ಸಿನಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತಾ ಇಳಿಯುತ್ತೇವಲ್ಲ, ಮೇಲಿನ ಸರಕು ಕಡಲಿಗಿಳಿಯಲು ಇದ್ದಿದ್ದೂ ಇಂಥ ಘಟ್ಟಗಳೇ. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದರು. ಅವರಿಗೆ ಬೇಕಾಗಿದ್ದ ಸರಕಿನಲ್ಲಿ ನಮ್ಮ ಮೆಣಸೂ ಒಂದು.

ಜಾನ್ ಫ್ರೈಯರ್ ಎಂಬ ಇಂಗ್ಲಿಷ್ ವೈದ್ಯ 1670ರ ದಶಕದಲ್ಲಿ ಕಾರವಾರ, ಗೋಕರ್ಣಗಳಲ್ಲಿ ಓಡಾಡಿದ. ಸೋಂದೆ ರಾಜನ ಸೀಮೆಯ ಮೆಣಸಿನ ಖ್ಯಾತಿಯನ್ನು ಬರೆದಿಟ್ಟ. ಆಮೇಲೆ ಅವನು ಹೋಗಿದ್ದು ಪರ್ಶಿಯಾಕ್ಕೆ, ಅಲ್ಲಿಯ ಶಿರಾಜ್ ಊರಿಗೆ! ಅಲ್ಲಿಯ ವೈನ್ ಬಗ್ಗೆಯೂ ಬರೆದ. 1698ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಸೋಂದೆಯ ಮೆಣಸೂ ಶಿರಾಜಿನ ವೈನೂ ಒಂದೇ ರಟ್ಟಿನೊಳಗೆ ಇವೆ. (ಆ ವೈನ್ ಈ ದ್ರಾಕ್ಷಿಯದ್ದಲ್ಲ, ನೆನಪಿರಲಿ.)

ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಇದು. ಆಗ ನಮ್ಮ ಮೆಣಸಿಗೆ ಊರಿನ ಹೆಸರಿತ್ತು. ಇವತ್ತು ವೈನಿಗೆ ಹೇಗೆ ಊರು, ತಳಿ, ವರ್ಷ ಎಲ್ಲ ಕೇಳುತ್ತಾರೋ ಹಾಗೆ ‘ಸೋಂದೆಯದ್ದು’ ಅಂದರೆ ಅದಕ್ಕೊಂದು ಬೆಲೆ. 1760ರ ದಶಕದಲ್ಲಿ ಹೈದರಾಲಿಯ ಸೈನ್ಯ ಸೋಂದೆಯನ್ನು ಹಿಡಿಯಿತು, ಅರಸ ಗೋವೆಗೆ ಓಡಿದ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಯಲ್ಲಾಪುರ, ಸೋಂದೆ, ಶಿರಸಿ ಹಾದು ಹೋಗುವಾಗ ಅಡಿಕೆ, ಮೆಣಸು, ಏಲಕ್ಕಿ, ವೀಳ್ಯದೆಲೆ ಒಟ್ಟಿಗೆ ಬೆಳೆಯುವ ತೋಟಗಳನ್ನು ನೋಡಿ ವಿವರವಾಗಿ ಬರೆದ. ರಾಜ್ಯ ಹೋದರೂ ತೋಟ ಉಳಿದಿತ್ತು. ಮೆಣಸಿನ ಊರಿನ ಹೆಸರು ಮಾತ್ರ ನಿಧಾನಕ್ಕೆ ಕಳಚಿಬಿತ್ತು.

ಈಗ ಮೆಣಸು ಮಾರಲು ಒಯ್ದರೆ ಕೇಳುವುದು ಎರಡೇ. ತೇವ ಎಷ್ಟಿದೆ? ಲೀಟರ್ ತೂಕ ಎಷ್ಟು ಬರುತ್ತದೆ? ಒಂದು ಲೀಟರ್ ಅಳತೆಯಲ್ಲಿ ಹೆಚ್ಚು ಗ್ರಾಂ ತೂಗಿದರೆ ಒಳ್ಳೆಯ ಕಾಳು. ಅದು ತಪ್ಪಲ್ಲ, ವ್ಯಾಪಾರಕ್ಕೆ ಅಳತೆ ಬೇಕು. ನಮ್ಮ ಅಜ್ಜ ಹೇಳುತ್ತಿದ್ದ: “ಎಲ್ಲಾ ತೂಕ ನೋಡ್ತ ತಮಾ, ಮೂಸಿ ನೋಡವ್ರು ಯಾರೂ ಇಲ್ಲೆ.”

ಅಜ್ಜನಂಥವರಿಗೆ ಬಳ್ಳಿಗಳ ಹೆಸರು ಬಾಯಲ್ಲೇ ಇತ್ತು. ಮಲ್ಲಿಗೆಸರ, ಕರಿಮಲ್ಲಿಗೆಸರ, ಬಿಳಿಮಲ್ಲಿಗೆಸರ, ಉದ್ದಗರ, ತಟ್ಟಿಸರ, ದೊಡ್ಡಿಗ್ಯ... ಹೆಸರು ಕೇಳಿದರೇ ಖುಷಿಯಾಗುತ್ತದೆ ಅಲ್ಲವೇ? ತೆನೆಯನ್ನು ಮಲ್ಲಿಗೆಯ ಸರಕ್ಕೆ ಹೋಲಿಸಿದ ಮನುಷ್ಯ ಯಾರೋ! 1971ರಲ್ಲಿ ಕೇರಳದಿಂದ ಪನ್ನಿಯೂರು-1 ಬಂತು. ಉದ್ದ ತೆನೆ, ದಪ್ಪ ಕಾಳು, ಬೆಳಕಿದ್ದಲ್ಲಿ ಭರ್ತಿ ಫಸಲು. ಅಡಿಕೆ ತೋಟದ ದಟ್ಟ ನೆರಳು ಅದಕ್ಕೆ ಅಷ್ಟು ಒಗ್ಗದಿದ್ದರೂ ಜನ ನೆಟ್ಟರು. ಇತ್ತ ಸೊರಗು ರೋಗ ಮಳೆಗಾಲ ಮುಗಿಯುವುದರೊಳಗೆ ಹಳೆಯ ಬಳ್ಳಿಗಳನ್ನು ಬುಡಸಮೇತ ಒಯ್ಯತೊಡಗಿತು. ಒಂದು ಬಳ್ಳಿ ಸತ್ತರೆ ನಷ್ಟದ ಲೆಕ್ಕ ಕಿಲೋದಲ್ಲಿ ಸಿಗುತ್ತದೆ. ಒಂದು ತಳಿ ಹೋದರೆ ಎಂಥ ಘಮ ಹೋಯಿತು ಅಂತ ಬರೆದಿಟ್ಟವರಿಲ್ಲ.

ಆಸ್ಟ್ರೇಲಿಯಾದ ಬರೋಸಾ ಕಣಿವೆಯಲ್ಲಿ 1840ರ ದಶಕದಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಇನ್ನೂ ಹಣ್ಣು ಬಿಡುತ್ತಿವೆ. ಮುದಿ ಬಳ್ಳಿಯ ಫಸಲು ಕಡಿಮೆ. ಅದಕ್ಕೇ ಅದರ ವೈನಿಗೆ ಬೆಲೆ ಹೆಚ್ಚು. ಅಲ್ಲಿ ವಯಸ್ಸೇ ಒಂದು ಗೌರವ. ನಮ್ಮಲ್ಲೂ ದಾರಿ ಇಲ್ಲದಿಲ್ಲ. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಜಿಐ ಸಿಕ್ಕಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆಗೆ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ 2019ರಲ್ಲಿ ಜಿಐ ಬಂತು. ಅದೇ ಅಡಿಕೆ ಮರವನ್ನು ತಬ್ಬಿ ನಿಂತ ಬಳ್ಳಿಗೂ ಒಂದು ಹೆಸರು, ಒಂದು ಗುಣವಿವರ ಇರಬಾರದೇ?

ಅದಕ್ಕೆ ಸರ್ಕಾರವೇ ಬರಬೇಕು ಅಂತಿಲ್ಲ. ಹಳೆಯ ತೋಟ ಇರುವ ಗೆಳೆಯರೇ, ಈ ಸಲ ಫೆಬ್ರವರಿ ಮಾರ್ಚಿನಲ್ಲಿ ಮೆಣಸು ಕೊಯ್ಯುವಾಗ ಏಣಿ ಹತ್ತಿದವರನ್ನು ಒಮ್ಮೆ ಕೇಳಿ, ಇದು ಯಾವ ಬಳ್ಳಿ ಅಂತ. ಹೆಸರು ಬರೆದುಕೊಳ್ಳಿ. ನಾಲ್ಕು ಕಾಳು ಕುಟ್ಟಿ ಮೂಸಿ ನೋಡಿ, ಏನನ್ನಿಸಿತೋ ಅದನ್ನೂ ಬರೆಯಿರಿ. ಎರಡು ತಳಿಯನ್ನು ಅಕ್ಕಪಕ್ಕ ಇಟ್ಟು ಮೂಸಿದರೆ ಇನ್ನೂ ಒಳ್ಳೆಯದು. ಮಲ್ಲಿಗೆಸರ ಅಂತ ಹೆಸರಿಟ್ಟ ಭಾಷೆಗೆ ಅದರ ಘಮ ಹೇಳಲು ಪದ ಸಿಗದೇ ಹೋಗುವುದಿಲ್ಲ.